ಸಿಪಾಯಿಯ ಹೆಂಡತಿಗೆ ಭತ್ಯೆ, ಬಾಗಿಲಿಗೆ ಪೊಲೀಸು: 1914ರ ಬ್ರಿಟನ್ನಿನಲ್ಲಿ ಯಾರ ನಡತೆಯ ಮೇಲೆ ಯಾರ ಕಣ್ಣು?

ಮಾಳಿಗೆಮನೆ (ಮೈಸೂರು)

ಇತಿಹಾಸದ ಆಸಕ್ತಿ ಇರುವವರ ಅಭಿಪ್ರಾಯ ಬೇಕು, ಅದಕ್ಕೇ ಈ ಎಳೆ ಶುರು ಮಾಡುತ್ತಿದ್ದೇನೆ.

1914ರ ಆಗಸ್ಟಿನಲ್ಲಿ ಬ್ರಿಟನ್ ಯುದ್ಧಕ್ಕಿಳಿಯಿತು. ದಂಡಿಗೆ ಹೋದ ಸಿಪಾಯಿಯ ಹೆಂಡತಿಗೆ ಸರ್ಕಾರ ವಾರವಾರ ಭತ್ಯೆ ಕೊಡತೊಡಗಿತು. ಮಕ್ಕಳಿಲ್ಲದವಳಿಗೆ 12 ಶಿಲಿಂಗ್ 6 ಪೆನ್ಸ್, ಮಕ್ಕಳಿದ್ದರೆ ಇನ್ನಷ್ಟು. ಅದರಲ್ಲಿ ಒಂದು ಪಾಲು ಗಂಡನ ಸಂಬಳದಿಂದಲೇ ಮುರಿದುಕೊಂಡದ್ದು. ಅದೇ ಅಕ್ಟೋಬರಿನಲ್ಲಿ ಸರ್ಕಾರದಿಂದ ಇನ್ನೊಂದು ಕಾಗದ ಹೊರಟಿತು. "ಯೋಗ್ಯರಲ್ಲದ" ಹೆಂಡಂದಿರಿಗೆ ಭತ್ಯೆ ನಿಲ್ಲಿಸುವ ಬಗ್ಗೆ. ಅವಳು ಕುಡಿಯುತ್ತಾಳೋ, ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳುತ್ತಾಳೋ, ಮನೆಗೆ ಬೇರೆ ಗಂಡಸರು ಬಂದು ಹೋಗುತ್ತಾರೋ ಎಂದು ಊರಿನ ಪೊಲೀಸರು ಕಣ್ಣಿಡಬೇಕು, ವರದಿ ಕಳಿಸಬೇಕು. ಗಂಡ ಫ್ರಾನ್ಸಿನ ಕಂದಕದಲ್ಲಿ, ಪೊಲೀಸು ಹೆಂಡತಿಯ ಬೀದಿಯಲ್ಲಿ.

ಯುದ್ಧದಿಂದ ಹೆಂಗಸರಿಗೆ ಬಿಡುಗಡೆ ಸಿಕ್ಕಿತು, ಕಾರ್ಖಾನೆಗೆ ಹೋದರು, ಕೊನೆಗೆ ವೋಟು ಪಡೆದರು ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ನನಗನ್ನಿಸುವುದು ಬೇರೆ. ಆ ನಾಲ್ಕು ವರ್ಷ "ಶೀಲ" ಎಂಬುದು ಎಲ್ಲ ಹೆಂಗಸರ ಪ್ರಶ್ನೆ ಆಗಿರಲೇ ಇಲ್ಲ. ಗಂಡಸಿನ ಕೈ ದಾಟದೆ ನೇರವಾಗಿ ಹಣ ಕೈಗೆ ಬಂದ ಬಡ ಹೆಂಗಸರ ಪ್ರಶ್ನೆ ಆಗಿತ್ತು. ಭತ್ಯೆಯೇ ಇರಲಿ, ಕಾರ್ಖಾನೆಯ ಕೂಲಿಯೇ ಇರಲಿ, ಹಣ ಹೋದ ಕಡೆಗೆಲ್ಲ ಸಂಶಯವೂ ಹಿಂಬಾಲಿಸಿ ಹೋಗಿದೆ. ಒಪ್ಪದವರು ದಯವಿಟ್ಟು ಬರೆಯಿರಿ.

ಧಾರವಾಡದಾಂವ

ಅಲ್ರೀ ಮೇಡಂ, ಸರ್ಕಾರ ರೊಕ್ಕಾ ಕೊಟ್ಟ ಮ್ಯಾಲೆ ಲೆಕ್ಕಾ ಕೇಳೂದು ತಪ್ಪೇನ್ರೀ? ನಮ್ಮ ಕಡೆ ಪಿಂಚಣಿ ತಗೊಳ್ಳಾಂವಾ ವರ್ಷಕ್ಕೊಮ್ಮೆ ಜೀವಂತ ಅದೀನಿ ಅಂತ ಸರ್ಟಿಫಿಕೇಟ್ ಕೊಡಬೇಕು. ಅದಕ್ಕ ಯಾರೂ ವರ್ಗದ ಪ್ರಶ್ನಿ ಅನ್ನಂಗಿಲ್ಲ. ಮಕ್ಕಳಿಗೆ ಅಂತ ಕೊಟ್ಟ ರೊಕ್ಕಾ ಹೆಂಡದಂಗಡಿಗೆ ಹೋದ್ರ ಸರ್ಕಾರ ಸುಮ್ಮ ಕೂಡಬೇಕೇನು?

ಮಾಳಿಗೆಮನೆ

@ಧಾರವಾಡದಾಂವ ಜೀವಂತ ಇದ್ದೀರಾ ಎಂದು ಕೇಳುವುದಕ್ಕೂ ನಿನ್ನೆ ರಾತ್ರಿ ಮನೆಗೆ ಯಾರು ಬಂದಿದ್ದರು ಎಂದು ಕೇಳುವುದಕ್ಕೂ ವ್ಯತ್ಯಾಸ ಇಲ್ಲವೇ ಸರ್? ಮುಖ್ಯವಾಗಿ ಆ ಹಣ ದಾನ ಆಗಿರಲಿಲ್ಲ. ಸಿಪಾಯಿಯನ್ನು ಸೇರಿಸಿಕೊಳ್ಳುವಾಗ ಕೊಟ್ಟ ಮಾತು ಅದು, ಅವನ ಸಂಬಳವೂ ಅದರಲ್ಲಿ ಸೇರಿತ್ತು. ಅದನ್ನು ಧರ್ಮದ ಕಾಸಿನಂತೆ ಕಂಡರು ಎಂಬುದೇ ನನ್ನ ತಕರಾರು.

ಹಾಗೆ ಕಾಣಲು ಕಾರಣವೂ ಇತ್ತು. ಮೊದಮೊದಲು ಈ ಭತ್ಯೆಯ ವಿತರಣೆಯಲ್ಲಿ, ತಡವಾದಾಗ ಮುಂಗಡ ಕೊಡುವುದರಲ್ಲಿ ಸಿಪಾಯಿ-ನಾವಿಕರ ಕುಟುಂಬಗಳಿಗೆಂದು ಇದ್ದ ಧರ್ಮಸಂಸ್ಥೆಯೊಂದು ಕೈಹಾಕಿತ್ತು. ಅದರಲ್ಲಿ ಮನೆಮನೆಗೆ ಹೋಗುತ್ತಿದ್ದವರು ಅನುಕೂಲಸ್ಥ ಮನೆಯ ಹೆಂಗಸರು. ಅವರಿಗೆ ಗೊತ್ತಿದ್ದದ್ದು ಬಡವರಿಗೆ ನೆರವು ಕೊಡುವ ಹಳೆಯ ಕ್ರಮ: ಮನೆ ಚೊಕ್ಕಟವಾಗಿದೆಯೇ, ಹೆಂಗಸು ವಿನಯವಂತೆಯೇ, ಇವಳಿಗೆ ಕೊಡಬಹುದೇ. ಅಧಿಕಾರಿಗಳ ಹೆಂಡಂದಿರಿಗೆ ಈ ಗೊಡವೆಯೇ ಇರಲಿಲ್ಲ, ಏಕೆಂದರೆ ಭತ್ಯೆ ಇದ್ದದ್ದು ಕೆಳಗಿನ ದರ್ಜೆಯವರಿಗೆ. ಕರ್ನಲ್ ಸಾಹೇಬರ ಹೆಂಡತಿ ಸಂಜೆ ಎಷ್ಟು ಲೋಟ ಶೆರ್ರಿ ಕುಡಿದರು ಎಂದು ಯಾವ ಪೇದೆಯೂ ಬರೆದುಕೊಳ್ಳಲಿಲ್ಲ.

ನಿಮ್ಮ ಹೆಂಡದ ಮಾತಿಗೆ ಉತ್ತರ: ಯುದ್ಧದ ವರ್ಷಗಳಲ್ಲಿ ಕುಡಿದು ಶಿಕ್ಷೆಗೊಳಗಾದ ಹೆಂಗಸರ ಸಂಖ್ಯೆ ತೀರಾ ಇಳಿಯಿತು. ಪಬ್ಬುಗಳ ಸಮಯ ಕತ್ತರಿಸಿದ್ದೂ ಬಿಯರಿಗೆ ನೀರು ಬೆರೆತದ್ದೂ ಅದಕ್ಕೆ ಕಾರಣ, ಒಪ್ಪುತ್ತೇನೆ. ಆದರೆ ಲಂಡನ್ನಿನ ಶಾಲಾ ವೈದ್ಯರು ನೋಡಿದಾಗ ಹೊಟ್ಟೆಗಿಲ್ಲದ ಮಕ್ಕಳ ಪ್ರಮಾಣವೂ ಯುದ್ಧಕ್ಕೆ ಮುಂಚಿಗಿಂತ ಕಡಿಮೆಯಾಗಿತ್ತು. ಭತ್ಯೆಯ ಹಣ ಎಲ್ಲಿಗೆ ಹೋಯಿತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಸಂಜೆಬಸ್ಸು

ಶೆರ್ರಿ 😀 ಮೇಡಂ ಫಾರ್ಮಲ್ಲಿದ್ದಾರೆ.

ಧಾರವಾಡದಾಂವ

ಮಕ್ಕಳದ ಮಾತು ಒಪ್ಪಿದೆ. ಆದ್ರ ಒಂದು ಸಂಗತಿ ನೀವು ಬಿಟ್ರಿ. ಅದೇ ಬ್ರಿಟಿಷ್ ಸರ್ಕಾರ ಮದುವಿ ಆಗದ ಜೋಡಿಯೊಳಗಿನ ಹೆಂಗಸಿಗೂ ಭತ್ಯೆ ಕೊಟ್ಟಿತ್ತು. ಯುದ್ಧಕ್ಕ ಮುಂಚೆ ಅವನ ದುಡಿಮಿ ಮ್ಯಾಲೇ ಸಂಸಾರ ನಡೀತಿತ್ತು ಅಂತ ತೋರಿಸಿದ್ರ ಸಾಕಿತ್ತು. ಪಾದ್ರಿಗಳು ಬೊಬ್ಬಿ ಹೊಡದ್ರೂ ಕೊಟ್ಟಿತು. ಬರೇ ಶೀಲ ಕಾಯೂ ಸರ್ಕಾರ ಆಗಿದ್ರ ಹಂಗ್ಯಾಕ ಮಾಡ್ತಿತ್ತು?

ಮಾಳಿಗೆಮನೆ

ಒಳ್ಳೆಯ ಪ್ರಶ್ನೆ. ಸೈನ್ಯಕ್ಕೆ ಆಳು ಬೇಕಿತ್ತು. ಆಗಿನ್ನೂ ಕಡ್ಡಾಯ ಭರ್ತಿ ಇರಲಿಲ್ಲ, ಅದು ಬಂದದ್ದು 1916ರಲ್ಲಿ. ಕೂಡಿಕೊಂಡು ಬಾಳುತ್ತಿದ್ದವಳಿಗೆ ಊಟವಿಲ್ಲ ಎಂದರೆ ಗಂಡಸು ಹೆಸರು ಬರೆಸುವುದಿಲ್ಲ. ಅಂದರೆ ಅಗತ್ಯ ಬಿದ್ದಾಗ ಶೀಲದ ಗೆರೆ ಎಷ್ಟು ಬೇಕಾದರೂ ಹಿಂದೆ ಸರಿಯುತ್ತಿತ್ತು. ಗೆರೆ ಎಲ್ಲಿ ಎಳೆಯಬೇಕು ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ಆ ಹೆಂಗಸಿಗೆ ಇರಲಿಲ್ಲ.

ಡಾಕ್ಟರ್‌ಮಾಮ (ನಿವೃತ್ತ, ಸೇನಾ ವೈದ್ಯಕೀಯ)

ಚರ್ಚೆ ಒಂದೇ ಕಡೆ ವಾಲುತ್ತಿದೆ, ಆದ್ದರಿಂದ ಸ್ವಲ್ಪ ಒಣ ಸಂಗತಿ ಹೇಳುತ್ತೇನೆ. ಆ ಯುದ್ಧದಲ್ಲಿ ಬ್ರಿಟಿಷ್ ಮತ್ತು ಡೊಮಿನಿಯನ್ (ಕೆನಡಾ, ಆಸ್ಟ್ರೇಲಿಯಾದಂಥ ಸಾಮ್ರಾಜ್ಯದ ದೇಶಗಳ) ಪಡೆಗಳಲ್ಲಿ ಗುಪ್ತರೋಗಕ್ಕೆಂದು ಆಸ್ಪತ್ರೆ ಸೇರಿದ ಪ್ರಕರಣಗಳು 4 ಲಕ್ಷಕ್ಕೂ ಹೆಚ್ಚು. ಪೆನಿಸಿಲಿನ್ ಇಲ್ಲದ ಕಾಲ. ಸಿಫಿಲಿಸ್ಸಿಗೆ ಸಾಲ್ವರ್ಸಾನ್ ಎಂಬ ಆರ್ಸೆನಿಕ್ ಚುಚ್ಚುಮದ್ದು ಮತ್ತು ಪಾದರಸ. ಒಬ್ಬ ಸಿಪಾಯಿ ವಾರಗಟ್ಟಲೆ ಹಾಸಿಗೆಯಲ್ಲಿ. ಒಂದು ದಳಕ್ಕೆ ದಳವೇ ಗುಂಡು ತಗುಲದೆ ಮಲಗಿದರೆ ಸೇನಾಪತಿ ಏನು ಮಾಡಬೇಕು? ಬೀದಿಯ ಮೇಲೆ ನಿಗಾ ಇಡಬೇಕು ಎಂಬ ಆತಂಕ ಕೇವಲ ಮೇಲ್ವರ್ಗದ ಮಡಿವಂತಿಕೆ ಆಗಿರಲಿಲ್ಲ. ವೈದ್ಯನಾಗಿ ನನಗೆ ಅದು ಅರ್ಥವಾಗುತ್ತದೆ.

ಮಾಳಿಗೆಮನೆ

@ಡಾಕ್ಟರ್‌ಮಾಮ ರೋಗ ನಿಜ ಸರ್. ಆದರೆ ರೋಗಕ್ಕೆ ಎರಡು ಬದಿ ಇದ್ದವು, ಕಾನೂನಿಗೆ ಒಂದೇ ಬದಿ.

1914ರ ನವೆಂಬರಿನಲ್ಲಿ ಕಾರ್ಡಿಫ್‌ನಲ್ಲಿ ಸೇನಾಧಿಕಾರಿಯೊಬ್ಬರು "ಒಂದು ಬಗೆಯ" ಹೆಂಗಸರು ಸಂಜೆ 7ರಿಂದ ಬೆಳಿಗ್ಗೆ 8ರ ತನಕ ಹೊರಗೆ ಬರಬಾರದೆಂದು ಆಜ್ಞೆ ಹೊರಡಿಸಿದರು. ಮೀರಿದ ಐವರನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿ 62 ದಿನ ಬಂಧನದಲ್ಲಿಟ್ಟರು. ಸಾಮಾನ್ಯ ನಾಗರಿಕರನ್ನು ಸೇನಾ ನ್ಯಾಯಾಲಯಕ್ಕೆ ಎಳೆದದ್ದು! ಆಮೇಲೆ 1918ರ ಮಾರ್ಚಿನಲ್ಲಿ ದೇಶರಕ್ಷಣಾ ಕಾಯಿದೆಯ ಕೆಳಗೆ 40ಡಿ ನಿಯಮ ಬಂತು. ಗುಪ್ತರೋಗ ಇರುವ ಹೆಂಗಸು ಸೈನಿಕನ ಜೊತೆ ಕೂಡಿದರೆ ಅಪರಾಧ. ಆರೋಪ ಬಂದವಳನ್ನು ವೈದ್ಯಕೀಯ ಪರೀಕ್ಷೆಗೆಂದು ತಡೆಹಿಡಿಯಬಹುದಿತ್ತು. ಸೈನಿಕ ಅವಳಿಗೆ ರೋಗ ದಾಟಿಸಿದರೆ? ನಿಯಮದಲ್ಲಿ ಅದರ ಮಾತೇ ಇಲ್ಲ. ಗಂಡನಿಂದಲೇ ರೋಗ ಅಂಟಿಸಿಕೊಂಡ ಹೆಂಡತಿಗೂ ರಿಯಾಯಿತಿ ಇಲ್ಲ. ಪ್ರತಿಭಟನೆ ಜೋರಾಗಿ, ಯುದ್ಧ ಮುಗಿದ ತಿಂಗಳಲ್ಲೇ ಅದನ್ನು ಹಿಂತೆಗೆದರು.

ಇತ್ತ ಫ್ರಾನ್ಸಿನಲ್ಲಿ ಅದೇ ಸೈನ್ಯದ ಗಂಡಸರು ಪರವಾನಗಿ ಇದ್ದ ವೇಶ್ಯಾಗೃಹಗಳಿಗೆ ಸರದಿ ನಿಲ್ಲುತ್ತಿದ್ದರು. ಸಿಪಾಯಿಗಳಿಗೆ ಕೆಂಪು ದೀಪದ ಮನೆ, ಅಧಿಕಾರಿಗಳಿಗೆ ನೀಲಿ ದೀಪದ ಮನೆ ಎಂದು ಅಲ್ಲಿದ್ದವರೇ ಬರೆದಿಟ್ಟಿದ್ದಾರೆ. ಅಲ್ಲಿಯೂ ವರ್ಗ ತಪ್ಪಲಿಲ್ಲ ನೋಡಿ.

ಡಾಕ್ಟರ್‌ಮಾಮ

40ಡಿಯನ್ನು ನಾನು ಸಮರ್ಥಿಸುವುದಿಲ್ಲ. ಅದು ಕೆಟ್ಟ ವೈದ್ಯಕೀಯವೂ ಹೌದು. ಹಿಡಿದು ಶಿಕ್ಷಿಸುತ್ತಾರೆ ಎಂದಾದರೆ ಯಾವ ರೋಗಿಯೂ ಬಾಗಿಲಿಗೆ ಬರುವುದಿಲ್ಲ, ಇದು ನನ್ನ ಸೇವೆಯಲ್ಲಿ ಕಂಡದ್ದು. ನಿಜವಾಗಿ ಕೆಲಸ ಮಾಡಿದ್ದು 1916ರಿಂದ ಶುರುವಾದ ಉಚಿತ ಚಿಕಿತ್ಸಾ ಕೇಂದ್ರಗಳು. ಯಾರು ಬೇಕಾದರೂ ಹೋಗಬಹುದು, ಗುಟ್ಟು ಕಾಯುತ್ತಾರೆ. 1917ರಲ್ಲಿ ನಕಲಿ ವೈದ್ಯರ ಔಷಧವನ್ನೂ ನಿಷೇಧಿಸಿದರು. ಹಾಗಾಗಿ ಸರ್ಕಾರ ಎಂದರೆ ಬರೀ ಪೊಲೀಸು ಎಂದು ಬರೆಯಬೇಡಿ. ಅದೇ ಸರ್ಕಾರದ ಇನ್ನೊಂದು ಕೈ ಬುದ್ಧಿವಂತಿಕೆಯಿಂದ ನಡೆದುಕೊಂಡಿದೆ.

ಇನ್ನೊಂದು, ನಮಗೆ ಹತ್ತಿರದ್ದು. ಬ್ರಿಟನ್ನಿನ ಹೆಂಗಸರು 40ಡಿ ವಿರುದ್ಧ ಅಷ್ಟು ಬೇಗ ಕೆರಳಿದ್ದಕ್ಕೆ ಹಿನ್ನೆಲೆ ಇದೆ. 1864ರಿಂದ ಅಲ್ಲಿ ಸಾಂಕ್ರಾಮಿಕ ರೋಗ ಕಾಯಿದೆಗಳಿದ್ದವು. ದಂಡಿನ ಊರುಗಳಲ್ಲಿ ಪೊಲೀಸರು ಸಂಶಯ ಬಂದ ಹೆಂಗಸನ್ನು ಹಿಡಿದು ಪರೀಕ್ಷೆಗೆ ಒಪ್ಪಿಸಬಹುದಿತ್ತು. ಜೋಸೆಫೀನ್ ಬಟ್ಲರ್ ಮತ್ತು ಜೊತೆಯವರು ವರ್ಷಗಟ್ಟಲೆ ಹೋರಾಡಿ 1886ರಲ್ಲಿ ರದ್ದು ಮಾಡಿಸಿದರು. ಅದೇ ಪದ್ಧತಿ ಭಾರತದ ಕಂಟೋನ್ಮೆಂಟುಗಳಲ್ಲೂ ನಡೆದಿತ್ತು. ಬೆಂಗಳೂರು ದಂಡಿನಲ್ಲೂ "ಲಾಕ್ ಆಸ್ಪತ್ರೆ" ಇತ್ತು. ಗೋರಾ ಸಿಪಾಯಿಗಳ ಆರೋಗ್ಯಕ್ಕಾಗಿ ಊರಿನ ಬಡ ಹೆಂಗಸರನ್ನು ನೋಂದಾಯಿಸಿ, ಪರೀಕ್ಷಿಸಿ, ಕೂಡಿಹಾಕುವ ಜಾಗ. ಅಲ್ಲಿ ರದ್ದಾದ ವರ್ಷವೇ ಇಲ್ಲಿ ಸೈನ್ಯದ ಕೇಂದ್ರ ಕಛೇರಿಯಿಂದ, ರೆಜಿಮೆಂಟಿನ ಬಜಾರುಗಳಲ್ಲಿ ಸಾಕಷ್ಟು ಮಂದಿ, ನೋಡಲು ಲಕ್ಷಣವಾದ ಹೆಂಗಸರು ಇರುವಂತೆ ನೋಡಿಕೊಳ್ಳಿ ಎಂಬ ಸುತ್ತೋಲೆ ಹೊರಟಿತ್ತು.

ಸಂಜೆಬಸ್ಸು

ಒಂದು ನಿಮಿಷ. ಹೆಂಗಸರನ್ನು ಕಾಯಲು ಹೊರಟವರು ಬರೀ ಗಂಡಸರಾ? ಹೆಂಗಸರೇ ಪೊಲೀಸಾಗಿದ್ದರು ಅಂತ ಎಲ್ಲೋ ಓದಿದ ನೆನಪು.

ಮಾಳಿಗೆಮನೆ

@ಸಂಜೆಬಸ್ಸು ಈ ಎಳೆಯಲ್ಲಿ ನನಗೆ ಅತಿ ಕಹಿ ಎನ್ನಿಸುವ ಭಾಗಕ್ಕೇ ಕೈಯಿಟ್ಟಿರಿ.

1914ರಲ್ಲಿ ನೀನಾ ಬಾಯ್ಲ್ ಮತ್ತು ಮಾರ್ಗರೆಟ್ ಡೇಮರ್ ಡಾಸನ್ ಸೇರಿ ಮಹಿಳಾ ಪೊಲೀಸ್ ಸ್ವಯಂಸೇವಕಿಯರ ದಳ ಕಟ್ಟಿದರು. ಬಾಯ್ಲ್ ಮತಹಕ್ಕಿನ ಹೋರಾಟಗಾರ್ತಿ. ಠಾಣೆ ಮತ್ತು ಕೋರ್ಟುಗಳಲ್ಲಿ ಹೆಂಗಸರಿಗೆ ಹೆಂಗಸರ ಆಸರೆ ಸಿಗಲಿ ಎಂಬುದು ಅವರ ಉದ್ದೇಶ. ಕೆಲವೇ ತಿಂಗಳಲ್ಲಿ ಈ ದಳದವರನ್ನು ಗ್ರಾಂಥಮ್ ಊರಿನ ದೊಡ್ಡ ಸೇನಾ ಶಿಬಿರದ ಬಳಿ ಕೆಲಸಕ್ಕೆ ಹಾಕಿದರು. ಅಲ್ಲಿ ಸೇನೆ ಹೆಂಗಸರ ಮೇಲೆ ರಾತ್ರಿ ಕರ್ಫ್ಯೂ ಹೇರಿತ್ತು. ಅದನ್ನು ಜಾರಿ ಮಾಡುವ ಕೆಲಸ, ಮನೆಯೊಳಗೆ ಹೊಕ್ಕು ಹುಡುಗಿಯರು ಒಳಗಿದ್ದಾರೋ ಇಲ್ಲವೋ ನೋಡುವ ಕೆಲಸ, ಈ ಹೆಂಗಸರದ್ದೇ ಆಯಿತು. ಬಾಯ್ಲ್ ಕೆಂಡವಾದರು. 1915ರ ಫೆಬ್ರವರಿಯಲ್ಲಿ ದಳ ಒಡೆಯಿತು. ಹೆಚ್ಚಿನವರು ಡಾಸನ್ ಕಡೆ ನಿಂತರು. ಮತಹಕ್ಕಿಗಾಗಿ ಪೊಲೀಸರ ಕೈಯಲ್ಲಿ ಪೆಟ್ಟು ತಿಂದಿದ್ದವರು ಒಂದೇ ವರ್ಷದಲ್ಲಿ ಸಮವಸ್ತ್ರ ತೊಟ್ಟು ಬಡ ಹುಡುಗಿಯರ ಮಲಗುವ ಕೋಣೆಗೆ ಇಣುಕುವವರ ಜೊತೆಗಾರ್ತಿಯರಾದರು. ಉದ್ಯಾನಗಳಲ್ಲಿ ಜೋಡಿಗಳನ್ನು ಬೇರ್ಪಡಿಸುತ್ತಾ ತಿರುಗುತ್ತಿದ್ದ ಮಹಿಳಾ ಗಸ್ತುದಳಗಳು ಬೇರೆ. ಅವರೂ ಬಹುಪಾಲು ಮಧ್ಯಮ ವರ್ಗದವರೇ. ಗಂಡಸರು ಹೆಂಗಸರನ್ನು ಕಾದರು ಎಂದು ಬರೆದರೆ ಅರ್ಧ ಸತ್ಯ ಆಗುತ್ತದೆ.

ಲೀಡ್ಸ್‌ಕನ್ನಡಿಗ

ಲೀಡ್ಸ್‌ನಲ್ಲಿ ಕೆಲಸದ ಮೇಲಿದ್ದೇನೆ, ಹಾಗಾಗಿ ಒಂದು ಸ್ಥಳೀಯ ಸಂಗತಿ. ಊರಿನ ಪೂರ್ವಕ್ಕೆ ಬಾರ್ನ್‌ಬೋ ಎಂಬಲ್ಲಿ ದೊಡ್ಡ ಮದ್ದುಗುಂಡು ಕಾರ್ಖಾನೆ ಇತ್ತು. ಕೆಲಸಗಾರರಲ್ಲಿ ಬಹುಪಾಲು ಹೆಂಗಸರು. 1916ರ ಡಿಸೆಂಬರ್ 5ರ ರಾತ್ರಿ ಗುಂಡುಗಳಿಗೆ ಫ್ಯೂಸ್ ಜೋಡಿಸುವ ಕೋಣೆಯಲ್ಲಿ ಸ್ಫೋಟವಾಗಿ 35 ಹೆಂಗಸರು ಸತ್ತರು. ಸುದ್ದಿ ಪತ್ರಿಕೆಗೆ ಬರಲಿಲ್ಲ, ಸೆನ್ಸಾರ್. ಮರಣದ ಪ್ರಕಟಣೆಗಳಲ್ಲಿ "ಅಪಘಾತದಲ್ಲಿ ತೀರಿಕೊಂಡರು" ಎಂದಷ್ಟೇ. ಕೆಲಸ ನಿಲ್ಲಲಿಲ್ಲ, ಉಳಿದ ಹುಡುಗಿಯರೇ ಅದೇ ಕೋಣೆಗೆ ಮರಳಿದರು. ಈಗ ಕ್ರಾಸ್ ಗೇಟ್ಸ್ ಕಡೆ ಸ್ಮಾರಕ ಇದೆ, ಶನಿವಾರ ಮಾರ್ಕೆಟ್ಟಿಗೆ ಹೋಗುವಾಗ ಆ ದಾರಿಯಲ್ಲೇ ಹೋಗುತ್ತೇನೆ.

ಟಿಎನ್‌ಟಿ ಎಂಬ ಸಿಡಿಮದ್ದು ತುಂಬುವ ಹೆಂಗಸರ ಚರ್ಮ ಹಳದಿ ಬಣ್ಣಕ್ಕೆ ತಿರುಗುತ್ತಿತ್ತು, ಮುಂದಲೆಯ ಕೂದಲು ಕೆಂಚಗಾಗುತ್ತಿತ್ತು. ಜನ ಅವರನ್ನು "ಕ್ಯಾನರಿ"ಗಳು ಎನ್ನುತ್ತಿದ್ದರು, ಹಳದಿ ಹಕ್ಕಿಯ ಹೆಸರು. ವಿಷ ಇಳಿಯಲೆಂದು ಹಾಲು ಕುಡಿಸುತ್ತಿದ್ದರು. ಬಾರ್ನ್‌ಬೋದಲ್ಲಿ ಅದಕ್ಕೆಂದೇ ಹಸುಗಳ ಹಿಂಡನ್ನೇ ಸಾಕಿದ್ದರು. ದೇಶದಾದ್ಯಂತ ಟಿಎನ್‌ಟಿ ವಿಷದಿಂದ ಕಾಮಾಲೆ ಬಂದು ನೂರಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ. ಇಷ್ಟಾದರೂ ಆಗಿನ ಪತ್ರಿಕೆಗಳಿಗೆ ಕಂಡದ್ದು ಈ ಹುಡುಗಿಯರು ತುಪ್ಪಳದ ಕೋಟು ಕೊಂಡರಂತೆ, ಗ್ರಾಮಫೋನು ಕೊಂಡರಂತೆ ಎಂಬುದು.

ಧಾರವಾಡದಾಂವ

ತುಪ್ಪಳದ ಕೋಟು ತಗೊಂಡ್ರ ಇವರಪ್ಪನ ಗಂಟೇನ್ ಹೋತು? ಜೀವಾ ಒತ್ತೆ ಇಟ್ಟು ದುಡದಾರ.

ಮಾಳಿಗೆಮನೆ

ಧಾರವಾಡದ ಸಾಹೇಬರು ನಮ್ಮ ಕಡೆ ಬರುತ್ತಿದ್ದಾರೆ. 🙂

ಆ ಕೋಟಿನ ಸಿಟ್ಟು ಎಲ್ಲಿಂದ ಬಂತು ಗೊತ್ತೇ? ಯುದ್ಧಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಹೆಂಗಸರ ಅತಿ ದೊಡ್ಡ ಉದ್ಯೋಗ ಮನೆಗೆಲಸ. ಹದಿನಾರು ಲಕ್ಷಕ್ಕೂ ಹೆಚ್ಚು ಜನ. ಯಜಮಾನಿಯ ಮನೆಯಲ್ಲೇ ವಾಸ, ವಾರಕ್ಕೆ ಅರ್ಧ ದಿನ ರಜೆ, "ಹಿಂಬಾಲಕರು" ಬರಕೂಡದು, ಅಂದರೆ ಹುಡುಗರ ಜೊತೆ ಓಡಾಟ ಇಲ್ಲ. ಯುದ್ಧದ ನಾಲ್ಕು ವರ್ಷಗಳಲ್ಲಿ ಸುಮಾರು 4 ಲಕ್ಷ ಮಂದಿ ಈ ಕೆಲಸ ಬಿಟ್ಟು ಹೋದರು. ಕಾರ್ಖಾನೆಯಲ್ಲಿ ಹನ್ನೆರಡು ಗಂಟೆಯ ಪಾಳಿ ಇದ್ದರೂ ಪಾಳಿ ಮುಗಿದ ಮೇಲಿನ ಹೊತ್ತು ಅವರದ್ದೇ. ಯಜಮಾನಿಯರ ಅಡುಗೆಮನೆ ಖಾಲಿಯಾಯಿತು. ನಿನ್ನೆ ತನಕ ತನ್ನ ಹಳೆಯ ಉಡುಪನ್ನು ಕೃಪೆಯಿಂದ ಕೊಡುತ್ತಿದ್ದವಳಿಗೆ, ಅದೇ ಹುಡುಗಿ ಅಂಗಡಿಯಲ್ಲಿ ತನ್ನ ಪಕ್ಕದಲ್ಲೇ ನಿಂತು ಹೊಸ ಕೋಟು ಕೊಳ್ಳುವುದನ್ನು ನೋಡಲು ಆಗಲಿಲ್ಲ. ಹೀಗಾಗಿ ಕೆಲಸದಾಳು ಸಿಗುವುದಿಲ್ಲ ಎಂಬ ಅಳಲು ಹುಡುಗಿಯರು ಕೆಟ್ಟರು ಎಂಬ ಉಪದೇಶವಾಗಿ ಹೊರಬಿತ್ತು.

ಇದು ನನ್ನ ಕಲ್ಪನೆ ಎನ್ನುವವರು 1919ನ್ನು ನೋಡಿ. ಯುದ್ಧ ಮುಗಿದು ಕಾರ್ಖಾನೆ ಮುಚ್ಚಿದಾಗ ಕೆಲಸ ಕಳೆದುಕೊಂಡವರಿಗೆ ನಿರುದ್ಯೋಗ ಭತ್ಯೆ ಕೊಟ್ಟರು. ಉದ್ಯೋಗ ವಿನಿಮಯ ಕಛೇರಿ ಹೆಂಗಸಿಗೆ ಮನೆಗೆಲಸದ ಜಾಗ ತೋರಿಸಿ ಅವಳು ಒಲ್ಲೆ ಎಂದರೆ ಭತ್ಯೆ ಕಡಿತ. ಪತ್ರಿಕೆಗಳು ಅವರನ್ನು ಸೋಮಾರಿಗಳೆಂದು ಜರೆದವು. ವಿಷದ ಧೂಳು, ಸಿಡಿಮದ್ದು ಯಾವುದಕ್ಕೂ ಅಂಜದವರಿಗೆ ಮತ್ತೆ ಬೇರೆಯವರ ಒಲೆಯ ಬೂದಿ ಬಳಿಯುವುದು ಬೇಡವಾಗಿತ್ತು, ಅಷ್ಟೆ.

ಸಂಜೆಬಸ್ಸು

ಹಾಗಾದರೆ ದೊಡ್ಡ ಮನೆಯ ಹೆಂಗಸರು ಯುದ್ಧದಲ್ಲಿ ಏನೂ ಮಾಡಲಿಲ್ಲವಾ? ಅವರನ್ನು ಪೂರ್ತಿ ಖಳನಾಯಕಿಯರು ಮಾಡುವುದೂ ಸರಿಯಲ್ಲ ಅನ್ನಿಸುತ್ತೆ.

ಲೀಡ್ಸ್‌ಕನ್ನಡಿಗ

ಮಾಡಿದರು. ಸ್ವಯಂಸೇವಾ ದಾದಿಯರಾಗಿ, ವಿಎಡಿ ಅಂತಿದ್ದರು, ಸಾವಿರಾರು ಜನ ಆಸ್ಪತ್ರೆಗಳಲ್ಲಿ ದುಡಿದರು. ಕೀವು, ರಕ್ತ, ಕೊಳೆತ ಗಾಯ, ರಾತ್ರಿ ಪಾಳಿ. ಜೀವಮಾನದಲ್ಲಿ ಕಾಫಿ ಲೋಟ ತೊಳೆಯದವರು ಬೆಡ್‌ಪ್ಯಾನ್ ತೊಳೆದರು. ಅಪರಿಚಿತ ಗಂಡಸರ ಬೆತ್ತಲೆ ಮೈ ಒರೆಸುವ ಕೆಲಸವನ್ನು ಅವಿವಾಹಿತ ಹುಡುಗಿಯರು ಮಾಡಿದರು, ಯಾರೂ ಅವರ ಶೀಲದ ಮಾತೆತ್ತಲಿಲ್ಲ, ಮೆಚ್ಚಿದರು. ಮೇಡಂ ಹೇಳುವುದು ಅದನ್ನೇ ಇರಬೇಕು.

ಮಾಳಿಗೆಮನೆ

ಹೌದು, ಅದನ್ನೇ. ಅವರ ದುಡಿಮೆಯ ಬಗ್ಗೆ ಗೌರವ ಇದೆ. ಆದರೆ ಒಳ್ಳೆಯ ಮನಸ್ಸಿನಿಂದ ಮಾಡಿದ್ದೂ ಹೇಗೆ ಬಡವಿಯ ಅನ್ನ ಕಸಿಯುತ್ತಿತ್ತು ಎಂಬುದಕ್ಕೆ ಒಂದು ಪ್ರಸಂಗ ಇದೆ, ಯಾಕೋ ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ.

ಯುದ್ಧ ಶುರುವಾದ ಕೂಡಲೇ ಸಿರಿವಂತರು ಹೊಸ ಬಟ್ಟೆ ಹೊಲಿಸುವುದು ನಿಲ್ಲಿಸಿದರು. ಅದು ದೇಶಭಕ್ತಿ ಎನ್ನಿಸಿಕೊಂಡಿತು. ಪರಿಣಾಮವಾಗಿ ಹೊಲಿಗೆ, ಟೋಪಿ, ಕಸೂತಿಯ ಸಾವಿರಾರು ಹೆಣ್ಣಾಳುಗಳು ಬೀದಿಗೆ ಬಿದ್ದರು. ಅದೇ ಹೊತ್ತಿಗೆ ರಾಣಿ ಮೇರಿ ದೇಶದ ಹೆಂಗಸರಿಗೆ ಕರೆ ಕೊಟ್ಟರು: ಸೈನಿಕರಿಗಾಗಿ ಅಂಗಿ, ಕಾಲುಚೀಲ ಹೊಲಿಯಿರಿ, ಹೆಣೆಯಿರಿ. ದೊಡ್ಡ ಮನೆಗಳ ಹಜಾರಗಳಲ್ಲಿ ಸೂಜಿದಾರ ಹಿಡಿದು ಕುಳಿತರು, ಬಿಟ್ಟಿಯಾಗಿ. ಅಂದರೆ ಕೂಲಿಗೆ ಹೊಲಿಯುವವಳ ಪಾಲಿಗೆ ಉಳಿದಿದ್ದ ಕೆಲಸವೂ ಹೋಯಿತು! ಕಾರ್ಮಿಕ ಸಂಘಟಕಿ ಮೇರಿ ಮ್ಯಾಕ್ಆರ್ಥರ್ ಇದನ್ನು ಪ್ರಶ್ನಿಸಿ ಜಗಳವಾಡಿದರು. ರಾಣಿಯ ಗುಣ ಹೇಳಬೇಕು, ಆಕೆಯನ್ನೇ ಕರೆಸಿ ಕೇಳಿಕೊಂಡರು. ಆಮೇಲೆ ಕೆಲಸ ಕಳೆದುಕೊಂಡ ಹೆಂಗಸರಿಗಾಗಿ ನಿಧಿ ಕೂಡಿಸಿ ಕೂಲಿ ಕೆಲಸದ ಕೋಣೆಗಳನ್ನು ತೆರೆದರು. ಕೂಲಿ ಗಂಟೆಗೆ 3 ಪೆನ್ಸ್. ಲಂಡನ್ನಿನ ಬಡವರ ಪ್ರದೇಶವಾದ ಈಸ್ಟ್ ಎಂಡ್‌ನಲ್ಲಿದ್ದ ಮತಹಕ್ಕಿನ ಹೋರಾಟಗಾರ್ತಿ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಇದು ರಾಣಿಯ ಹೆಸರಿನಲ್ಲಿ ರಕ್ತ ಹೀರುವುದು ಎಂದು ತಿರುಗಿಬಿದ್ದರು.

ಸಿಲ್ವಿಯಾ ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಅವರ ತಾಯಿ ಎಮ್ಮಲಿನ್, ಅಕ್ಕ ಕ್ರಿಸ್ಟಬೆಲ್ ಯುದ್ಧದ ಪರ ಭಾಷಣ ಮಾಡಿಕೊಂಡು ತಿರುಗಿದರೆ ಇವರು ಬಡವರ ಕೇರಿಯಲ್ಲಿ ಅಗ್ಗದ ಊಟದ ಮನೆ ತೆರೆದರು. ದೊಡ್ಡವರಿಗೆ 2 ಪೆನ್ಸ್, ಮಕ್ಕಳಿಗೆ 1 ಪೆನ್ನಿ. ಆಟಿಕೆ ಕಾರ್ಖಾನೆ ಹಾಕಿದರು. ಓಲ್ಡ್ ಫೋರ್ಡಿನಲ್ಲಿ "ಗನ್‌ಮೇಕರ್ಸ್ ಆರ್ಮ್ಸ್" ಎಂಬ ಮುಚ್ಚಿಹೋದ ಪಬ್ಬನ್ನು ಹಿಡಿದು, "ಮದರ್ಸ್ ಆರ್ಮ್ಸ್" ಎಂದು ಹೆಸರು ಬದಲಿಸಿ, ಕೂಸುಗಳ ಪಾಲನಾ ಮನೆ ಮತ್ತು ಚಿಕಿತ್ಸಾಲಯ ಮಾಡಿದರು. ಸೈನಿಕರ ಹೆಂಡಂದಿರಿಗೆ ಹಕ್ಕಿನ ಸಂಘ ಕಟ್ಟಿ ತಡೆಹಿಡಿದ ಭತ್ಯೆಗಾಗಿ ಅರ್ಜಿ ಬರೆದುಕೊಟ್ಟರು. ಈಕೆಯೂ ಅನುಕೂಲಸ್ಥ ಮನೆಯವಳೇ. ಆದ್ದರಿಂದ ಹುಟ್ಟಿದ ವರ್ಗವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ನಾನು ಹೇಳುತ್ತಿಲ್ಲ.

ನಿರ್ವಾಹಕ

ಇವತ್ತಿನ ಪಕ್ಷಗಳ ಹೆಸರೆತ್ತಿ ಬರೆದ ಎರಡು ಪ್ರತಿಕ್ರಿಯೆಗಳನ್ನು ತೆಗೆಯಲಾಗಿದೆ. ವಿಷಯಕ್ಕೆ ಅಂಟಿಕೊಳ್ಳಿ.

ಧಾರವಾಡದಾಂವ

ನನ್ನದಲ್ಲ ಮತ್ತ!

ಡಾಕ್ಟರ್‌ಮಾಮ

ಎರಡನೆಯ ಯುದ್ಧಕ್ಕೆ ಬರೋಣವೇ? ಅಲ್ಲಿ ಚಿತ್ರ ಸ್ವಲ್ಪ ಬದಲು. 1941ರ ಡಿಸೆಂಬರಿನ ಕಾಯಿದೆಯಿಂದ 20ರಿಂದ 30ರೊಳಗಿನ ಅವಿವಾಹಿತ ಹೆಂಗಸರನ್ನೂ ಮಕ್ಕಳಿಲ್ಲದ ವಿಧವೆಯರನ್ನೂ ಸರ್ಕಾರವೇ ಕಡ್ಡಾಯವಾಗಿ ಕರೆಸಿಕೊಂಡಿತು. ಎಲ್ಲ ವರ್ಗದವರೂ ಒಂದೇ ಪಟ್ಟಿಯಲ್ಲಿ. 1945ರಲ್ಲಿ ರಾಜಕುಮಾರಿ ಎಲಿಜಬೆತ್ ಕೂಡ ಭೂಸೇನೆಯ ಮಹಿಳಾ ವಿಭಾಗ ಎಟಿಎಸ್ ಸೇರಿ ಲಾರಿ ರಿಪೇರಿ ಕಲಿತರು.

ಮಾಳಿಗೆಮನೆ

ಪಟ್ಟಿ ಒಂದೇ, ಸಾಲು ಬೇರೆ ಸರ್. ನೌಕಾಪಡೆಯ ಮಹಿಳಾ ವಿಭಾಗದ ರೆನ್‌ಗಳು ಎಂದರೆ ಒಳ್ಳೆಯ ಮನೆತನದವರು ಎಂಬ ಹೆಸರು, ವಾಯುಪಡೆಯವರು ನಡುವೆ, ಎಟಿಎಸ್ ಎಂದರೆ ಅಡುಗೆಯವರು, ಕೆಲಸದವರು. ಕೀಳು ಗಾಳಿಮಾತು ಯಾರ ಮೇಲೆ ಹರಿಯಿತು ಹೇಳಿ? ಎಟಿಎಸ್ ಮೇಲೆ. "ಅಧಿಕಾರಿಗಳ ನೆಲಹಾಸು" ಎಂದು ಆಡಿಕೊಳ್ಳುವ ಮಟ್ಟಿಗೆ. ಅಪ್ಪ-ಅಮ್ಮಂದಿರು ಮಗಳನ್ನು ಕಳಿಸಲು ಹೆದರತೊಡಗಿದಾಗ ಸರ್ಕಾರ 1942ರಲ್ಲಿ ವಯಲೆಟ್ ಮಾರ್ಕಮ್ ಅಧ್ಯಕ್ಷತೆಯ ಸಮಿತಿ ನೇಮಿಸಿತು. ಅವರು ಊರೂರು ಸುತ್ತಿ ವಿಚಾರಿಸಿದಾಗ ಕಂಡದ್ದು: ಮದುವೆಯ ಹೊರಗೆ ಬಸಿರಾದವರ ಪ್ರಮಾಣ ಸೇನೆಯ ಹುಡುಗಿಯರಲ್ಲಿ ಹೊರಗಿನ ಅದೇ ವಯಸ್ಸಿನವರಿಗಿಂತ ಕಡಿಮೆ.

ಇದರ ಜೊತೆಗೆ ಇನ್ನೊಂದು ಅಂಕಿ ಇಟ್ಟು ನೋಡಿ. ಇಂಗ್ಲೆಂಡ್-ವೇಲ್ಸಿನಲ್ಲಿ ಮದುವೆಯ ಹೊರಗೆ ಹುಟ್ಟಿದ ಮಕ್ಕಳು 1939ರಲ್ಲಿ ನೂರಕ್ಕೆ ನಾಲ್ಕರ ಆಸುಪಾಸು, 1945ರಲ್ಲಿ ಒಂಬತ್ತು. ದೇಶ ಕೆಟ್ಟಿತು ಎಂದು ಬಾಯಿ ಬಡಿದುಕೊಂಡರು. ಆದರೆ ಯುದ್ಧಕ್ಕೆ ಸ್ವಲ್ಪ ಮುಂಚೆ ಜನನ ದಾಖಲೆಗಳನ್ನು ಸರ್ಕಾರವೇ ತೂಗಿ ನೋಡಿದಾಗ ಮೊದಲ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮದುವೆಗೆ ಮೊದಲೇ ಗರ್ಭದಲ್ಲಿದ್ದವು. ಶಾಂತಿಯ ಕಾಲದಲ್ಲಿ ಹುಡುಗಿ ಬಸಿರಾದರೆ ಹುಡುಗ ಊರಲ್ಲೇ ಇರುತ್ತಿದ್ದ, ಮುಂದಿನ ತಿಂಗಳು ಚರ್ಚಿನಲ್ಲಿ ಮದುವೆ. ಯುದ್ಧದಲ್ಲಿ ಅವನು ಉತ್ತರ ಆಫ್ರಿಕಾದಲ್ಲೋ ಬರ್ಮಾದಲ್ಲೋ ಇದ್ದ, ಅಥವಾ ಸತ್ತಿದ್ದ. ನಡತೆ ಅಷ್ಟೇನೂ ಬದಲಾಗಿರಲಿಲ್ಲ, ಮುಚ್ಚಿಕೊಳ್ಳಲು ಗಂಡು ಊರಲ್ಲಿರಲಿಲ್ಲ.

ಸಂಜೆಬಸ್ಸು

ಇದು ಸಖತ್ ಪಾಯಿಂಟ್. ಅಂಕಿ ಮಾತ್ರ ನೋಡಿದ್ದರೆ ನಾನೂ ಉಲ್ಟಾನೇ ಅರ್ಥ ಮಾಡಿಕೊಳ್ಳುತ್ತಿದ್ದೆ. ನಮ್ಮ ಕಡೆ ಇಂಥ ಮಹಿಳಾ ಪಡೆ ಇರಲಿಲ್ವಾ?

ಡಾಕ್ಟರ್‌ಮಾಮ

ಇತ್ತು. 1942ರಲ್ಲಿ ಭಾರತದ ಮಹಿಳಾ ಸಹಾಯಕ ದಳ ಶುರುವಾಯಿತು, ಸಾವಿರಾರು ಮಂದಿ ಸೇರಿದರು. ಕಛೇರಿ, ಟೆಲಿಫೋನ್, ಸಂಕೇತಲಿಪಿಯ ಕೆಲಸ. ಆಂಗ್ಲೋ-ಇಂಡಿಯನ್ನರು, ಕ್ರೈಸ್ತರು, ಪಾರ್ಸಿಗಳು ತಮ್ಮ ಪಾಲಿಗಿಂತ ಹೆಚ್ಚಾಗಿದ್ದರು. ಬೆಂಗಳೂರಿನ ದಂಡಿನ ಕಡೆಯ ಹಳಬರು ಮಾತಾಡುವುದನ್ನು ನಾನೇ ಕೇಳಿದ್ದೇನೆ. ಗೋರಾಗಳ ಜೊತೆ ಕೆಲಸ, ಡಾನ್ಸು, ಲಿಪ್‌ಸ್ಟಿಕ್ಕು ಎಂದು ಪೇಟೆಯ ಕಡೆಯವರು ಮೂಗು ಮುರಿಯುತ್ತಿದ್ದರಂತೆ. ಆ ಹುಡುಗಿಯರ ಸಂಬಳದಲ್ಲಿ ಮನೆಗಳು ನಡೆದವು ಎಂಬುದು ಮಾತಿಗೆ ಬರುತ್ತಿರಲಿಲ್ಲ.

ಕೊಡಗಿನವಳು

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಸೈನ್ಯದಲ್ಲಿದೆ, ಹಾಗಾಗಿ ಇದನ್ನು ಬರೀ ಬ್ರಿಟನ್ನಿನ ಹಳೆಯ ಕಥೆಯಾಗಿ ಓದಲು ನನಗೆ ಆಗುತ್ತಿಲ್ಲ.

ಮಾಳಿಗೆಮನೆ ಅಕ್ಕ, ಮೊದಲ ಪೋಸ್ಟಿನಲ್ಲಿ ನೀವು ಬರೆದ, "ಯೋಗ್ಯರಲ್ಲದ" ಹೆಂಡಂದಿರ ಆ ಕಾಗದದ ಇನ್ನೊಂದು ಕೊನೆ ವಿಧವೆಯರ ಹತ್ತಿರ ಮುಟ್ಟುತ್ತದೆ. ಬ್ರಿಟನ್ನಿನಲ್ಲಿ ಸತ್ತ ಸಿಪಾಯಿಯ ಹೆಂಡತಿಯ ವೇತನಕ್ಕೂ ನಡತೆಯ ಷರತ್ತು ಇತ್ತು. ಕುಡಿತ, ಮಕ್ಕಳ ಅಲಕ್ಷ್ಯ, ಮದುವೆಯಿಲ್ಲದೆ ಮಗು ಎಂದು ಕಂಡುಬಂದರೆ ನಿಲ್ಲಿಸುತ್ತಿದ್ದರು. ಗಂಡ ದೇಶಕ್ಕಾಗಿ ಸತ್ತದ್ದು ಹಾಗೇ ಉಳಿಯುತ್ತದೆ, ಹಣ ಮಾತ್ರ ಹೆಂಡತಿ ಆಮೇಲೆ ಹೇಗೆ ಬದುಕಿದಳು ಎಂಬುದರ ಮೇಲೆ ನಿಂತಿದೆ.

ನಮ್ಮ ದೇಶದ್ದು ಕೇಳಿ. ಶೌರ್ಯ ಪ್ರಶಸ್ತಿ ಪಡೆದವರಿಗೆ ಪ್ರತಿ ತಿಂಗಳು ಒಂದು ಭತ್ಯೆ ಇದೆ, ಅವರು ತೀರಿಕೊಂಡರೆ ಹೆಂಡತಿಗೆ ಹೋಗುತ್ತದೆ. ಆಕೆ ಮರುಮದುವೆಯಾದರೆ ನಿಲ್ಲುತ್ತಿತ್ತು. ಒಂದೇ ವಿನಾಯಿತಿ: ಸತ್ತ ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಮುಂದುವರಿಯುತ್ತಿತ್ತು. ಇದು 1995ರಲ್ಲಿ ತಿದ್ದಿದ ಆದೇಶದಲ್ಲಿತ್ತು. 2017ರ ನವೆಂಬರಿನಲ್ಲಿ ರಕ್ಷಣಾ ಸಚಿವಾಲಯ ಈ ಮೈದುನ-ಭಾವನ ಷರತ್ತನ್ನು ತೆಗೆದುಹಾಕಿತು. 2017! ಕಾರ್ಗಿಲ್ ಆಗಿ ಹದಿನೆಂಟು ವರ್ಷದ ಮೇಲೆ. ಕಾರ್ಗಿಲ್ ನಂತರ ಉತ್ತರದ ಹಳ್ಳಿಗಳಲ್ಲಿ ಇಪ್ಪತ್ತರ ಹರೆಯದ ವಿಧವೆಯರನ್ನು ಮೈದುನನಿಗೆ ಕೊಟ್ಟು ಹಣ ಮನೆಯಲ್ಲೇ ಉಳಿಸಿಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಸಾಲುಸಾಲಾಗಿ ಬಂದಿದ್ದವು.

ಅದರ ಹಿಂದೆ ದುರುದ್ದೇಶ ಇತ್ತು ಎಂದು ನಾನು ಹೇಳುವುದಿಲ್ಲ. ಮಗನನ್ನು ಕಳೆದುಕೊಂಡ ಮುದಿ ಅಪ್ಪ-ಅಮ್ಮನಿಗೂ ಊಟ ಬೇಕು. ಆದರೆ ಹೆಣ್ಣಿನ ಮದುವೆಯನ್ನು ಪಿಂಚಣಿಯ ಕಡತದಲ್ಲಿ ಒಂದು ಕಲಮು ಮಾಡಿದ್ದು ಯಾರು?

ಧಾರವಾಡದಾಂವ

ತಂಗಿ, ಇದು ನನಗ ಗೊತ್ತಿದ್ದಿಲ್ಲ. ನಮ್ಮ ಓಣ್ಯಾಗ ಒಬ್ಬಾಕಿ ಅದಾಳ, ಗಂಡ ಗಡಿಯೊಳಗ ತೀರಿಕೊಂಡಾಂವ. ಆಕಿ ಹೊಸಾ ಸ್ಕೂಟಿ ತಗೊಂಡ ದಿನಾ ಓಣಿ ಮಂದಿ ಏನೇನು ಅಂದ್ರು ಅನ್ನೂದು ಇಲ್ಲಿ ಬರಿಯೂ ಹಂಗಿಲ್ಲ. ಸ್ಕೂಟಿ ಯಾಕ ಬೇಕಿತ್ತು ಅಂದ್ರ, ಮಗಳನ್ನ ಟ್ಯೂಷನ್ನಿಗೆ ಬಿಡಾಕ.

ಆದರೂ ಒಂದು ಕೇಳ್ತೀನಿ. ಸರ್ಕಾರ ಯಾವ ಷರತ್ತೂ ಇಲ್ಲದ ಕೊಟ್ರ, ಮುದುಕ ಅಪ್ಪ-ಅವ್ವನ್ನ ನೋಡೂ ಜವಾಬ್ದಾರಿ ಯಾರದು?

ಕೊಡಗಿನವಳು

ಅಣ್ಣ, ಅವರ ಪಾಲನ್ನು ನೇರವಾಗಿ ಅವರ ಖಾತೆಗೇ ಹಾಕಲಿ. ಹಂಚಿಕೆಯ ಜಗಳಕ್ಕೆ ಹಂಚಿಕೆಯೇ ಮದ್ದು. ಸೊಸೆ ಯಾರನ್ನು ಮದುವೆಯಾದಳು ಎಂಬುದರಿಂದ ಅತ್ತೆಯ ಊಟ ತೀರ್ಮಾನ ಆಗಬಾರದು.

ಲೀಡ್ಸ್‌ಕನ್ನಡಿಗ

ವೋಟಿನ ವಿಷಯ ಮೊದಲ ಪೋಸ್ಟಿನಲ್ಲೇ ಬಂದು ಅಲ್ಲೇ ನಿಂತಿತು. ಮದ್ದುಗುಂಡು ತುಂಬಿದ್ದಕ್ಕೆ ಬಹುಮಾನವಾಗಿ 1918ರಲ್ಲಿ ವೋಟು ಕೊಟ್ಟರು ಎಂದು ಇಲ್ಲಿನ ಮ್ಯೂಸಿಯಂಗಳಲ್ಲೂ ಬರೆದಿರುತ್ತಾರೆ.

ಮಾಳಿಗೆಮನೆ

ಯಾರಿಗೆ ಕೊಟ್ಟರು ನೋಡಿ. 30 ವರ್ಷ ದಾಟಿರಬೇಕು, ಜೊತೆಗೆ ತಾನು ಅಥವಾ ಗಂಡ ಮನೆ-ಆಸ್ತಿಯ ಅರ್ಹತೆ ಹೊಂದಿರಬೇಕು, ಇಲ್ಲವೇ ಪದವೀಧರೆ ಆಗಿರಬೇಕು. ಸುಮಾರು 84 ಲಕ್ಷ ಹೆಂಗಸರಿಗೆ ಸಿಕ್ಕಿತು. ಮದ್ದುಗುಂಡು ಕಾರ್ಖಾನೆಯ ಹುಡುಗಿಯರಲ್ಲಿ ಬಹುಪಾಲು ಮೂವತ್ತರ ಕೆಳಗಿನವರು. ಬಾಡಿಗೆ ಕೋಣೆಯಲ್ಲೋ ಯಜಮಾನಿಯ ಮನೆಯಲ್ಲೋ ಇದ್ದ ಒಂಟಿ ಹೆಂಗಸಿಗೆ ಮೂವತ್ತಾದರೂ ಇಲ್ಲ. ಬಾರ್ನ್‌ಬೋದಲ್ಲಿ ಹಳದಿಯಾದವರಲ್ಲಿ ಎಷ್ಟೋ ಮಂದಿ 1928ರ ತನಕ ಕಾಯಬೇಕಾಯಿತು. ಅದೇ 1918ರಲ್ಲಿ ಯುದ್ಧಸೇವೆ ಮಾಡಿದ ಗಂಡಸಿಗೆ 19ಕ್ಕೇ ಕೊಟ್ಟಿದ್ದರು.

ಧಾರವಾಡದಾಂವ

ಹತ್ತೊಂಬತ್ತಕ್ಕ! ಮತ್ತ ಆಕಿಗೆ ಮೂವತ್ತು ಮ್ಯಾಲೆ ಮನಿ ಇರಬೇಕು. ಸರಿ ಮೇಡಂ, ಶೀಲದ ಮಾತಿನಾಗ ನಾ ಇನ್ನೂ ಪೂರ್ತಿ ನಿಮ್ಮ ಕಡೆ ಬಂದಿಲ್ಲ, ಆದ್ರ ಈ ಲೆಕ್ಕದಾಗ ಬಂದೀನಿ. ಆ ಮ್ಯಾಕ್ಆರ್ಥರ್ ಬಾಯಿ ಬಗ್ಗೆ ಬ್ಯಾರೆ ಎಳೆ ತಗೀರಿ, ಆಕಿ ರಾಣಿ ಕೂಡ ಏನು ಮಾತಾಡಿದ್ಲು ಅನ್ನೂದು ಓದಬೇಕು.